ಮೇಲಿನ ಸಾಲು

ಆಸ್ಪತ್ರೆಯಲ್ಲಿ ಅಪ್ಪನಿಗೆ ಕದ ಬಿಗಿಯುವ ‘ಅಗುಳಿ’ಯದೇ ಅಡ್ಡಹೆಸರು. ಎದುರಿಗೆ ‘ಸಾರ್’ ಸೇರಿಸಿ ಕರೆಯುತ್ತಿದ್ದರು, ಬೆನ್ನ ಹಿಂದೆ ಬರೀ ಅಗುಳಿ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಕೋಣೆಗೆ ಒತ್ತಿಕೊಂಡಂತಿದ್ದ ಸರ್ವರ್ ಕೋಣೆಯಲ್ಲಿ ಅವರು ಆಯುಸ್ಸಿನ ಮುಕ್ಕಾಲು ಪಾಲು ಕಳೆದಿದ್ದರು. ಆಸ್ಪತ್ರೆಯ ಕಂಪ್ಯೂಟರುಗಳ ಒಳಗೆ ಯಾರು ಬರಬಹುದು, ಯಾರು ಬರಬಾರದು ಎಂದು ತೀರ್ಮಾನಿಸುವ ಫೈರ್‌ವಾಲ್ ಅವರ ಕೈಕೂಸು. ಅದರ ಒಂದೊಂದು ನಿಯಮವನ್ನೂ ಕಪ್ಪು ತೆರೆಯ ಮೇಲೆ ಕೈಯಾರೆ ಟೈಪ್ ಮಾಡಿ ಕೂರಿಸಿದವರು ಅವರೇ. ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತುವುದನ್ನು ಅವರು ಕೆಲಸವೆಂದೇ ಲೆಕ್ಕಕ್ಕಿಟ್ಟವರಲ್ಲ. ಅವರು ನಿವೃತ್ತರಾಗುವ ಹೊತ್ತಿಗೆ ಮಗಳು ಅದೇ ಕೋಣೆಗೆ ಕೆಲಸಕ್ಕೆ ಸೇರಿದಳು. ಅಪ್ಪ ಅಗುಳಿಯಾದರೆ ಮಗಳು ಇನ್ನೇನು? ಸೇರಿದ ವಾರದಲ್ಲೇ ಅವಳು ‘ಚಿಲಕ’ ಆದಳು.

ನಿವೃತ್ತಿಯ ನಂತರವೂ ಸಲಹೆಗಾರರು ಎಂಬ ನೆಪದಲ್ಲಿ ಅಪ್ಪನಿಗೆ ಮನೆಯಿಂದ ಸರ್ವರಿಗೆ ಬರುವ ದಾರಿಯೊಂದನ್ನು ಉಳಿಸಿದ್ದರು. ಅವರು ಬೆಳಿಗ್ಗೆ ತಿಂಡಿ ಮುಗಿಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಡುಮನೆಯ ಮೂಲೆಯ ಮೇಜಿನ ಮುಂದೆ ಕೂತು ಒಳಗೆ ಹೋಗುತ್ತಿದ್ದರು. ಯಾವ ಯಾವ ಊರಿನ ಯಾವ ಯಾವ ಪೋಕರಿ ರಾತ್ರಿಯೆಲ್ಲ ಕದ ತಟ್ಟಿದ್ದಾನೆ ಎಂದು ನೋಡುವುದು, ಹೆಚ್ಚು ತಟ್ಟಿದವನ ವಿಳಾಸವನ್ನು ತಡೆಯುವುದು, ಆಮೇಲೆ ಒಂದು ಲೋಟ ಕಾಫಿ. ವಿಭಾಗದ ಮುಖ್ಯಸ್ಥರು ಆಗಾಗ, ‘ಚಿಲಕ, ನಿವೃತ್ತರ ದಾರಿಯೆಲ್ಲ ಮುಚ್ಚಿಬಿಡಮ್ಮ’ ಎನ್ನುತ್ತಿದ್ದರು. ‘ಮುಚ್ಚೋಣ ಸಾರ್’ ಎಂದು ಅವಳು ತಲೆಯಾಡಿಸುತ್ತಿದ್ದಳು. ಮುಚ್ಚಿದರೆ ಆ ಇಸ್ತ್ರಿ ಅಂಗಿ ತೊಟ್ಟು ಅಪ್ಪ ಎಲ್ಲಿ ಕೂರಬೇಕು ಎಂಬುದು ಅವಳಿಗೆ ಹೊಳೆಯುತ್ತಿರಲಿಲ್ಲ.

ಆದರೆ ಕೆಲವು ತಿಂಗಳಿಂದ ಅವಳು ಬೇರೆಯದನ್ನೂ ನೋಡುತ್ತಿದ್ದಳು. ಅಪ್ಪ ಒಂದೇ ನಿಯಮವನ್ನು ಮತ್ತೆ ಮತ್ತೆ ಬರೆದಿರುತ್ತಿದ್ದರು. ಒಮ್ಮೆ ಔಷಧದಂಗಡಿಯ ಕಂಪ್ಯೂಟರು ಒಳಬರುವ ಪೋರ್ಟನ್ನು ಮುಚ್ಚಿ, ಯಾವತ್ತೋ ಕಳಚಿಟ್ಟ ಹಳೇ ಫ್ಯಾಕ್ಸ್ ಯಂತ್ರಕ್ಕೆ ದಾರಿ ತೆರೆದಿದ್ದರು. ಅವಳು ಬಂದ ಕೂಡಲೇ ಸದ್ದಿಲ್ಲದೆ ಸರಿಮಾಡಿ ಇಡುತ್ತಿದ್ದಳು. ವಯಸ್ಸಾಯ್ತಲ್ಲ, ಕಣ್ಣು ಮಂಜು, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನೆಯಲ್ಲಿ ಆ ವಿಷಯ ಎತ್ತುತ್ತಿರಲಿಲ್ಲ. ಅಮ್ಮನೂ ಎತ್ತುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಅವಳು ಕೈಚೀಲ ಇಳಿಸುವ ಮೊದಲೇ ಮೇಜಿನ ಫೋನು ಬಡಿದುಕೊಳ್ಳುತ್ತಿತ್ತು. ಲ್ಯಾಬಿನ ಹೆಂಗಸು.

‘ಚಿಲಕ, ಏನಾಗಿದೆ ನಿನ್ನ ಸರ್ವರಿಗೆ? ಹೊಸ ಮಷೀನಿಂದ ಒಂದು ರಿಪೋರ್ಟೂ ವಾರ್ಡಿಗೆ ಹೋಗ್ತಿಲ್ಲ. ಎಲ್ಲಾ ವಾರ್ಡಿನವರೂ ಒಟ್ಟಿಗೆ ನನ್ನ ಪ್ರಾಣ ತಿಂತಿದಾರೆ. ನಾನಿಲ್ಲಿ ಒಬ್ಬಳೇ ಇರೋದು.’

‘ನೋಡ್ತೀನಿ ಅಕ್ಕ, ಇಗೋ ಈಗಲೇ.’

ರಕ್ತ ಪರೀಕ್ಷೆಯ ಹೊಸ ಯಂತ್ರ ಬಂದು ತಿಂಗಳಾಗಿತ್ತು. ಪರೀಕ್ಷೆ ಮುಗಿಸಿದ್ದನ್ನು ಅದು ತಾನಾಗಿ ಸರ್ವರಿಗೆ ಕಳಿಸುತ್ತಿತ್ತು, ಅಲ್ಲಿಂದ ವಾರ್ಡಿನ ತೆರೆಗೆ. ಅಂಕಿ ಹೆಚ್ಚು ಕಡಿಮೆಯಾಗಿದ್ದರೆ ನರ್ಸುಗಳ ಮೇಜಿನ ಬಳಿ ಗಂಟೆ ಹೊಡೆಯುತ್ತಿತ್ತು. ಅವಳು ಕಪ್ಪು ತೆರೆಯ ಟರ್ಮಿನಲ್ ತೆರೆದು ಫೈರ್‌ವಾಲಿನ ನಿಯಮಗಳನ್ನು ಸಾಲಾಗಿ ಇಳಿಸಿಕೊಂಡಳು. ಫೈರ್‌ವಾಲ್ ಓದುವುದು ಮೇಲಿಂದ ಕೆಳಕ್ಕೆ. ಬಂದವನಿಗೆ ಮೊದಲು ಯಾವ ಸಾಲು ಹೊಂದುತ್ತದೋ ಅದೇ ಕೊನೆಯ ಮಾತು, ಅದರ ಕೆಳಗೆ ಏನು ಬರೆದಿದ್ದರೂ ಬೆಲೆಯಿಲ್ಲ. ಎಲ್ಲಕ್ಕಿಂತ ಮೇಲೆ, ನಿನ್ನೆ ಇರದಿದ್ದ ಒಂದು ಸಾಲು ಕೂತಿತ್ತು. ಹೊಸ ಯಂತ್ರದ ವಿಳಾಸದಿಂದ ಏನೇ ಬಂದರೂ ಡ್ರಾಪ್ ಮಾಡು. ಎಂದರೆ, ಒಳಗೆ ಬಿಡಬೇಡ, ಬಿಡುವುದಿಲ್ಲ ಎಂದೂ ಹೇಳಬೇಡ, ಸುಮ್ಮನೆ ಬಿಸಾಕು.

ಅವಳು ಆ ಸಾಲನ್ನು ಅಳಿಸಿದಳು. ಸರಿಯಾಯಿತೇ ಎಂದು ಇನ್ನೊಮ್ಮೆ ಇಳಿಸಿ ನೋಡಿದರೆ ಸಾಲು ಅಲ್ಲೇ ಇತ್ತು.

ಅಳಿಸಲು ಮರೆತೆನೇನೋ ಎಂದುಕೊಂಡು ಮತ್ತೆ ಅಳಿಸಿದಳು. ಕಣ್ಣೆದುರೇ ಅದು ಮತ್ತೆ ಹುಟ್ಟಿಕೊಂಡಿತು. ಈ ಸಲ ಅವಳು ಎಲ್ಲಕ್ಕಿಂತ ಮೇಲೆ, ‘ಈ ಯಂತ್ರವನ್ನು ಒಳಗೆ ಬಿಡು’ ಎಂಬ ಸಾಲು ಸೇರಿಸಿದಳು. ಉಸಿರು ಬಿಡುವಷ್ಟರಲ್ಲಿ ಅದರ ತಲೆಯ ಮೇಲೆ ಇನ್ನೊಂದು ಡ್ರಾಪ್ ಬಂದು ಕೂತಿತು. ಯಾವ ಪ್ರೋಗ್ರಾಮೂ ಹೀಗೆ ನಡೆದುಕೊಳ್ಳುವುದಿಲ್ಲ. ಒಳಗೆ ಇನ್ನೊಬ್ಬರಿದ್ದಾರೆ, ಈ ಕ್ಷಣ, ಇದೇ ತೆರೆಯನ್ನು ನೋಡುತ್ತ. ಸರ್ವರಿನ ಒಳಗೆ ಯಾರು ಯಾರು ಇದ್ದಾರೆ ಎಂದು ಕೇಳುವ ಕಮಾಂಡ್ ಕೊಟ್ಟಳು. ಎರಡು ಹೆಸರು ಬಂದವು. ಒಂದು ಅವಳದು. ಇನ್ನೊಂದು ಅವಳ ಅಪ್ಪನದು.

ಆಗ ಅವಳು ಮಾಡಬೇಕಾದ ಕೆಲಸ ಒಂದೇ ಒಂದಿತ್ತು, ಮತ್ತು ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪನನ್ನು ಹೊರಗೆ ಹಾಕಬೇಕು. ಬದಲಿಗೆ ಅವಳು ಮನೆಗೆ ಫೋನ್ ಮಾಡಿದಳು. ಎಷ್ಟೋ ಹೊತ್ತು ಬಾರಿಸಿದ ಮೇಲೆ ಅಮ್ಮ ಎತ್ತಿದಳು.

‘ಅಮ್ಮ, ಅಪ್ಪ ಏನ್ ಮಾಡ್ತಿದಾರೆ?’

‘ಕೆಲಸ ಮಾಡ್ತಿದಾರೆ ಕಣೆ, ಪಾಪ. ಯಾರೋ ಕಳ್ಳರು ನುಗ್ಗಿದಾರಂತೆ. ಕಾಫಿನೂ ಮುಟ್ಟಿಲ್ಲ, ಬೆವತು ಹೋಗಿದಾರೆ.’

‘ಅವರಿಗೆ ಫೋನ್ ಕೊಡು. ಬೇಗ.’

ಆ ಕಡೆ ಕುರ್ಚಿ ಸರಿದ ಸದ್ದು, ಅಮ್ಮನ ಗೊಣಗಾಟ, ಆಮೇಲೆ ಅಪ್ಪನ ದನಿ. ‘ಆಮೇಲೆ ಮಾಡು ಪುಟ್ಟಿ. ಈಗ ಪುರುಸೊತ್ತಿಲ್ಲ. ಒಳಗೆ ಯಾರೋ ಇದಾನೆ. ನಾನು ಮುಚ್ಚಿದ್ದನ್ನ ತೆಗೀತಾನೇ ಇದಾನೆ.’

‘ಅಪ್ಪ, ಅದು ನಾನು. ಅದು ಲ್ಯಾಬಿನ ಹೊಸ ಮಷೀನು. ಅದಕ್ಕೆ ಹೋದ ತಿಂಗಳು ದಾರಿ ಬಿಟ್ಟವರು ನೀವೇ ಅಲ್ವಾ, ನಾವಿಬ್ರೂ ಕೂತು ಮಾಡಿದ್ದು?’

‘ನೀನು ಬಸ್ಸಲ್ಲಿದೀಯ’ ಎಂದರು ಅಪ್ಪ, ಮಗುವಿಗೆ ಹೇಳುವಂತೆ. ‘ಬಸ್ಸಿಳಿದ ಮೇಲೆ ಮಾತಾಡು.’ ಫೋನ್ ಇಟ್ಟುಬಿಟ್ಟರು.

ಅವಳು ಮತ್ತೆ ಮಾಡಿದಳು. ಎಂಗೇಜ್ ಬಂತು. ಇನ್ನೊಮ್ಮೆ ಮಾಡಿದಳು. ರಿಸೀವರು ಸರಿಯಾಗಿ ಕೂತಿರಲಿಲ್ಲವೋ ಏನೋ. ಅಷ್ಟರಲ್ಲಿ ಅವಳ ತೆರೆ ಕಲ್ಲಾಯಿತು. ಯಾವ ಕೀ ಒತ್ತಿದರೂ ಅಕ್ಷರ ಮೂಡಲಿಲ್ಲ. ಅಪ್ಪ ಅವಳ ಮೇಜಿನ ಕಂಪ್ಯೂಟರನ್ನೂ ಡ್ರಾಪ್ ಮಾಡಿದ್ದರು.

ಅವಳು ಮೇಜಿದ್ದ ಹೊರಕೋಣೆಯಿಂದ ಒಳಕ್ಕೆ ಓಡಿದಳು. ಸರ್ವರ್ ಕೋಣೆಯ ಚಳಿಗೆ ಮೈ ಝುಮ್ಮೆಂದಿತು. ಸರ್ವರಿಗೇ ನೇರ ಜೋಡಿಸಿದ್ದ ಕೀಬೋರ್ಡೊಂದು ಅಲ್ಲಿ ಗೋಡೆಯ ಪಕ್ಕದ ಹಲಗೆಯ ಮೇಲಿತ್ತು. ಅದನ್ನು ದೂರದಿಂದ ಯಾರೂ ಮುಚ್ಚಲಾರರು. ಅವಳು ನಿಂತುಕೊಂಡೇ ಮನೆಯ ಕಂಪ್ಯೂಟರಿನ ವಿಳಾಸದ ಅಂಕಿಗಳನ್ನು ಟೈಪ್ ಮಾಡಿದಳು. ನಡುವೆ ಒಂದು ಅಂಕಿ ತಪ್ಪಿತು, ಅಳಿಸಿ ಮತ್ತೆ ಬರೆದಳು. ಈ ವಿಳಾಸದಿಂದ ಏನೇ ಬಂದರೂ ಡ್ರಾಪ್. ಎಲ್ಲಕ್ಕಿಂತ ಮೇಲಿನ ಸಾಲಿಗೆ ಅದನ್ನು ಹಾಕಿ ಎಂಟರ್ ಒತ್ತಿದಳು. ಆಮೇಲೆ ಅಪ್ಪನ ಹೆಸರಲ್ಲಿ ಒಳಗೆ ನಡೆಯುತ್ತಿದ್ದುದನ್ನೆಲ್ಲ ಕೊಂದಳು. ಕಮಾಂಡಿನ ಹೆಸರೇ ‘ಕಿಲ್’, ಅವಳೇನು ಮಾಡಿಯಾಳು. ಒಳಗೆ ಯಾರಿದ್ದಾರೆ ಎಂದು ಮತ್ತೆ ಕೇಳಿದಾಗ ಒಂದೇ ಹೆಸರು ಬಂತು.

ಉಳಿದದ್ದು ಸುಲಭವಾಗಿತ್ತು. ಲ್ಯಾಬಿನ ಸಾಲು ಸರಿಯಾಯಿತು. ತಡೆದು ನಿಂತಿದ್ದ ರಿಪೋರ್ಟುಗಳು ದಡದಡನೆ ಹೊರಟವು. ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳು ಎಂದಿನಂತೆ ಗುಡುಗುತ್ತಿದ್ದವು.

ಆ ರಿಪೋರ್ಟುಗಳಲ್ಲಿ ಒಂದು, ಮೇಲಿನ ಮಹಡಿಯ ವಾರ್ಡಿನಲ್ಲಿದ್ದ ಒಬ್ಬ ಬಸ್ ಡ್ರೈವರನದು. ವಾಂತಿಯೆಂದು ಹಿಂದಿನ ಸಂಜೆ ಬಂದು ಮಲಗಿದವನು. ಮೂತ್ರಪಿಂಡ ಕೈಕೊಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಏರಿ ಕೂತಿತ್ತು. ಅದು ಏರಿದರೆ ಹೃದಯ ಯಾವ ಸೂಚನೆಯನ್ನೂ ಕೊಡದೆ ನಿಂತುಬಿಡಬಹುದಂತೆ. ಲ್ಯಾಬಿನ ಹೆಂಗಸು ಅಂಕಿ ನೋಡಿ ಗಾಬರಿಯಾಗಿ ವಾರ್ಡಿಗೆ ಫೋನ್ ಹಚ್ಚಿದ್ದಳು. ವಾರ್ಡಿನವರು ರಿಪೋರ್ಟು ಬಂದಿಲ್ಲವೆಂದು ಲ್ಯಾಬಿಗೇ ಹಚ್ಚುತ್ತಿದ್ದರು. ಎರಡೂ ಕಡೆ ಎಂಗೇಜ್. ಕೊನೆಗೆ ಲ್ಯಾಬಿನವಳೇ ಚೀಟಿಯಲ್ಲಿ ಅಂಕಿ ಬರೆದುಕೊಂಡು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಡ್ರೈವರನ ಮಂಚದ ಸುತ್ತ ಪರದೆ ಎಳೆದಿತ್ತು. ಒಳಗೆ ಯಾರೋ ಅವನ ಎದೆಯನ್ನು ಒತ್ತುತ್ತಿದ್ದರು.

ಮಧ್ಯಾಹ್ನ ಮುಖ್ಯಸ್ಥರು ಅವಳನ್ನು ಕರೆಸಿ ಬಾಗಿಲು ಹಾಕಿಕೊಂಡರು. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಮನೆಗೆ ಫೋನ್ ಮಾಡುತ್ತ ಕೂತದ್ದನ್ನೂ ಬಿಡಲಿಲ್ಲ.

‘ಮೊದಲೇ ಅಪ್ಪನ್ನ ಹೊರಗೆ ಹಾಕಿದ್ರೆ ಆ ಡ್ರೈವರ್ ಉಳೀತಿದ್ನಾ ಸಾರ್?’

‘ಡಾಕ್ಟರನ್ನ ಕೇಳ್ದೆ. ಹೇಳಕ್ಕಾಗಲ್ಲ ಅಂದ್ರು. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು.’ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಅಪ್ಪನ ಕೈಕೆಳಗೆ ಕೆಲಸ ಕಲಿತವರು. ‘ನೋಡು ಚಿಲಕ. ನೆಟ್‌ವರ್ಕ್ ದೋಷ ಅಂತ ಬರೆದಿದೀನಿ. ಸುಳ್ಳೇನಲ್ಲ. ಇದು ಈ ಕೋಣೆ ಬಿಟ್ಟು ಹೋಗಬಾರದು. ಅಗುಳಿ ಸಾರ್ ಹೆಸರು ಬೀದಿಗೆ ಬರೋದು ನಂಗೆ ಬೇಡ. ನಿಂಗೂ ಬೇಡ ಅಲ್ವಾ?’

ಅವಳು ಎದ್ದು ತಾನೇ ಬಾಗಿಲು ತೆರೆದಳು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ಮಾತ್ರ ಅನ್ನಿಸಿತು.

ಸಂಜೆ ಮನೆಗೆ ಬಂದಾಗ ಅಪ್ಪ ಇನ್ನೂ ಮೇಜಿನ ಮುಂದೆಯೇ ಇದ್ದರು. ಊಟ ಮಾಡಿರಲಿಲ್ಲ. ಅಂಗಿಯ ಬೆನ್ನು ಒದ್ದೆಯಾಗಿ ಒಣಗಿ ಕಲೆಗಟ್ಟಿತ್ತು.

‘ಬಂದ್ಯಾ ಪುಟ್ಟಿ? ಕೂತ್ಕೋ. ಕೆಟ್ಟ ಸುದ್ದಿ. ಅವನು ಗೆದ್ದುಬಿಟ್ಟ, ನನ್ನನ್ನೇ ಹೊರಗೆ ಹಾಕಿದಾನೆ.’ ಅವರು ತೆರೆಯತ್ತ ಬೆರಳು ತೋರಿಸಿದರು. ‘ರಿಜೆಕ್ಟ್ ಮಾಡಿದ್ದಿದ್ರೆ ಒಂದು ಉತ್ತರ ಬರ್ತಿತ್ತು. ಬರಬೇಡ ಹೋಗು ಅಂತಾದ್ರೂ ಅಂತಿತ್ತು. ಇದು ಡ್ರಾಪು. ಬಾಗಿಲ ಹಿಂದೆ ಉಸಿರು ಬಿಗಿಹಿಡ್ಕೊಂಡು ನಿಂತವನ ಥರ. ಪಳಗಿದ ಕೈ. ನನ್ನ ಹತ್ರ ಕಲಿತವನೇ ಇರಬೇಕು.’

‘ನಾಳೆ ನೋಡ್ತೀನಪ್ಪ. ಈಗ ಊಟ ಮಾಡಿ.’

‘ನಾಳೆವರೆಗೆ ಆಸ್ಪತ್ರೆ ಉಳಿಯುತ್ತಾ?’

ಅಡುಗೆಮನೆಯಲ್ಲಿ ಅಮ್ಮ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಮಗಳು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಅಮ್ಮ ತಿರುಗಲಿಲ್ಲ. ಸಾರು ಉಕ್ಕಿ ಒಲೆಯ ಮೇಲೆ ಚುರ್ರೆಂದು ಹರಿದರೂ ಸೌಟು ಹಿಡಿದ ಕೈ ಅಲುಗಲಿಲ್ಲ.

‘ನಿಮ್ಮಪ್ಪಂಗೆ ಏನೂ ಆಗಿಲ್ಲ’ ಎಂದಳು ಕೊನೆಗೆ. ‘ಸುಸ್ತಾಗಿದೆ ಅಷ್ಟೇ.’

ಮಾರನೆಯ ದಿನದಿಂದ ಅಪ್ಪನನ್ನು ಹಿಡಿದು ಕೂರಿಸುವುದೇ ಕಷ್ಟವಾಯಿತು. ಅಮ್ಮ ಬಚ್ಚಲಲ್ಲಿದ್ದಾಗ ನೋಡಿಕೊಂಡು ಒಂದು ದಿನ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಆಸ್ಪತ್ರೆಗೆ ನಡೆದುಬಿಟ್ಟರು. ನೆಲಮಾಳಿಗೆಯ ಬಾಗಿಲಿಗೆ ಕಾರ್ಡು ಒತ್ತಿದರು. ಕೆಂಪು ದೀಪ. ಮತ್ತೆ ಒತ್ತಿದರು. ಕಾವಲಿನವನು ಹಳಬ. ‘ಸಾರ್, ಬನ್ನಿ, ಇಲ್ಲಿ ಕೂತ್ಕೊಳ್ಳಿ’ ಎಂದು ತನ್ನ ಸ್ಟೂಲನ್ನೇ ಕೊಟ್ಟು ಅವಳನ್ನು ಕರೆಸಿದ. ಅವಳು ಬಂದು ನೋಡಿದಾಗ ಅಪ್ಪ ಕಾರ್ಡನ್ನು ಅಂಗಿಯ ಅಂಚಿನಿಂದ ಒರೆಸುತ್ತ ಕೂತಿದ್ದರು. ಒಗೆದ ಹಾಸಿಗೆ ಬಟ್ಟೆಯ ಗಾಡಿ ತಳ್ಳಿಕೊಂಡು ಹೋಗುವವರೆಲ್ಲ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು. ಒಂದು ಕಾಲದಲ್ಲಿ ಅದೇ ಜನ ಗಾಡಿ ನಿಲ್ಲಿಸಿ ದಾರಿ ಬಿಡುತ್ತಿದ್ದರು.

ಆ ಭಾನುವಾರ ಅವಳು ಮಂಚದಡಿಯ ಹಳೇ ಕಂಪ್ಯೂಟರನ್ನು ಹೊರಗೆಳೆದು, ಧೂಳು ಕೊಡವಿ, ಹಿಂದಿನ ಸಾಮಾನಿನ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿದಳು. ಆಸ್ಪತ್ರೆಯ ಸರ್ವರಿನ ಹೆಸರನ್ನೇ ಅದಕ್ಕಿಟ್ಟಳು. ಅದೇ ಸ್ವಾಗತದ ಸಾಲು, ಅಪ್ಪನ ಅದೇ ಪಾಸ್‌ವರ್ಡು, ನಿಯಮಗಳ ಅದೇ ಉದ್ದನೆಯ ಸಾಲುಗಳು. ಅಪ್ಪ ಆಸ್ಪತ್ರೆಯ ವಿಳಾಸ ಟೈಪ್ ಮಾಡಿದರೆ ಈ ಯಂತ್ರಕ್ಕೆ ಬಂದು ಸೇರುವಂತೆ ದಾರಿ ತಿರುಗಿಸಿದಳು. ಸೋಮವಾರ ಅಪ್ಪ ಒಳಗೆ ಹೋದರು.

‘ಬಿಡಿಸಿಬಿಟ್ಟೆ!’ ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದರು. ‘ಕೊನೆಗೂ ಬಿಡಿಸಿಬಿಟ್ಟೆ ನೋಡೇ!’

ಅಮ್ಮ ಕಾಫಿ ತಂದಿಟ್ಟಳು. ಅಂಗಿಗೆ ಮತ್ತೆ ಇಸ್ತ್ರಿ ಬಿತ್ತು. ಸಾಮಾನಿನ ಕೋಣೆಯ ಬಾಗಿಲನ್ನು ಅಮ್ಮ ಸದಾ ಮುಚ್ಚಿಡುತ್ತಿದ್ದಳು, ಒಳಗೆ ಯಂತ್ರದ ಫ್ಯಾನು ಗುಯ್‌ಗುಟ್ಟುವುದು ಕೇಳಬಾರದೆಂದು. ಕೆಲವು ವಾರ ಹಾಗೇ ಕಳೆಯಿತು. ಅಪ್ಪ ನಿಯಮ ಬರೆದರು, ಅಳಿಸಿದರು, ಕೆಲವೊಮ್ಮೆ ದಿನವಿಡೀ ಒಂದೇ ಸಾಲನ್ನು ಬರೆದರು. ಯಾರಿಗೂ ಏನೂ ಆಗಲಿಲ್ಲ. ಅವಳಿಗೆ ಸಮಾಧಾನವಾಗಬೇಕಿತ್ತು. ಆದರೆ ಮೆಟ್ಟಿಲು ಹತ್ತಿ ಆ ವಾರ್ಡಿನ ಮುಂದೆ ಹಾದುಹೋಗಬೇಕಾದಾಗಲೆಲ್ಲ ಅವಳ ಕಾಲು ತಾನಾಗಿ ಲಿಫ್ಟಿನತ್ತ ತಿರುಗುತ್ತಿತ್ತು.

ಒಂದು ರಜಾದಿನ ಮಧ್ಯಾಹ್ನ ಅಪ್ಪ ಅವಳನ್ನು ಕರೆದರು. ದನಿಯಲ್ಲಿ ಹಿಂದಿನ ಬಿಗಿ ಇತ್ತು. ಕಣ್ಣೂ ಹಾಗೆಯೇ, ತಿಳಿನೀರಿನಂತೆ. ಅಂಥ ಗಳಿಗೆಗಳು ಆಗಲೂ ಬರುತ್ತಿದ್ದವು, ಅಪರೂಪಕ್ಕೆ.

‘ಇಲ್ಲಿ ಯಾರೂ ಕದ ತಟ್ಟಿಲ್ಲ’ ಎಂದರು.

‘ಅಂದ್ರೆ?’

‘ಇಷ್ಟು ವರ್ಷ ಈ ಕೆಲಸ ಮಾಡಿದೀನಿ. ಎಂಥಾ ಹಾಳು ದಿನದಲ್ಲೂ ಯಾವನಾದ್ರೂ ಒಬ್ಬ ಬಂದು ಚಿಲಕ ಅಲುಗಿಸಿ ನೋಡ್ತಾನೆ. ಇಲ್ಲಿ ಒಬ್ಬನೂ ಇಲ್ಲ. ಬರೋನೂ ನಾನೇ, ಹೋಗೋನೂ ನಾನೇ. ಇದು ಆಸ್ಪತ್ರೆ ಅಲ್ಲ.’ ಅವರು ಕುರ್ಚಿಯನ್ನು ಅವಳತ್ತ ತಿರುಗಿಸಿದರು. ‘ನನ್ನನ್ನ ಹೊರಗೆ ಹಾಕಿದ್ದು ನೀನು.’

ಅವಳು ಸುಳ್ಳು ಹೇಳಬಹುದಿತ್ತು. ಆ ಕಣ್ಣಿನ ಮುಂದೆ ಹಿಂದೆ ಎಂದೂ ಸುಳ್ಳು ಹೇಳಿರಲಿಲ್ಲ. ಅಲ್ಲದೆ ಇಷ್ಟು ದಿನ ಒಬ್ಬಳೇ ಹೊತ್ತು ಹೊತ್ತು ಅವಳಿಗೂ ಸಾಕಾಗಿತ್ತು.

‘ಹೌದಪ್ಪ.’

‘ಯಾಕೆ?’

ಹೇಳಿದಳು. ಹೊಸ ಯಂತ್ರ, ಮೇಲಿನ ಸಾಲು, ಫೋನು, ಡ್ರೈವರು. ಅಪ್ಪ ನಡುವೆ ಬಾಯಿ ಹಾಕದೆ ಕೇಳಿದರು. ಅಮ್ಮ ಬಾಗಿಲಿಗೆ ಬಂದು, ‘ಸಾಕು ಸುಮ್ನಿರೇ’ ಎಂದಳು. ಅಪ್ಪ ಅವಳತ್ತ ಕೈಯೆತ್ತಿ ತಡೆದರು.

‘ವಯಸ್ಸೆಷ್ಟು ಅವನಿಗೆ?’

‘ನನಗಿಂತ ಸ್ವಲ್ಪ ದೊಡ್ಡವನು.’

‘ಮಕ್ಕಳು?’

‘ಇಲ್ಲ. ಹೆಂಡತಿ ಇದಾಳೆ.’

ಅಪ್ಪ ತಮ್ಮ ಎರಡೂ ಕೈಗಳನ್ನು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಸಂಜೆಯವರೆಗೂ ಹಾಗೇ ಕೂತಿದ್ದರು. ದೀಪ ಹಾಕಲು ಬಂದ ಅಮ್ಮನಿಗೆ, ‘ನಾನು ಅವರ ಮನೆಗೆ ಹೋಗಬೇಕು. ನಾಳೆ ಬೆಳಿಗ್ಗೆನೇ ಹೋಗಬೇಕು’ ಎಂದರು.

ಬೆಳಿಗ್ಗೆ ಅವರಿಗೆ ಅದೇನೂ ನೆನಪಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡರು, ಮೇಜಿನವರೆಗೂ ಬಂದರು, ಅಲ್ಲಿ ನಿಂತುಬಿಟ್ಟರು. ಕೂರಲಿಲ್ಲ. ಯಾಕೆ ಎಂದರೆ, ‘ಬೇಡ ಅನ್ಸುತ್ತೆ’ ಎಂದರು. ಕಾರಣ ಹೊರಟುಹೋಗಿತ್ತು. ಸಂಕಟ ಮಾತ್ರ ಅಲ್ಲೇ ಉಳಿದಿತ್ತು. ಅಂದಿನಿಂದ ಅವರು ಯಾರ ಮುಖ ಕಂಡರೂ ಕುಗ್ಗತೊಡಗಿದರು. ಹಾಲಿನವನಿಗೆ, ‘ತಪ್ಪಾಯ್ತಪ್ಪ’ ಎಂದರು. ಪಕ್ಕದ ಮನೆಯ ಹುಡುಗಿ ಚೆಂಡು ಕೇಳಲು ಬಂದಾಗ ಅವಳಿಗೂ ಹಾಗೇ ಅಂದರು, ಅವಳು ಹೆದರಿ ಚೆಂಡು ಬಿಟ್ಟೇ ಓಡಿದಳು. ತಟ್ಟೆಯ ಮುಂದೆ ಕೂತವರು ತುತ್ತು ಕೈಯಲ್ಲೇ ಹಿಡಿದು, ‘ನಾನು ಯಾರಿಗೋ ಏನೋ ಮಾಡಿದೀನಿ ಕಣೆ. ಏನು ಅಂತ ಗೊತ್ತಾಗ್ತಿಲ್ಲ. ನಿಂಗೆ ಗೊತ್ತಿದ್ರೆ ಹೇಳೇ’ ಎಂದು ಅಮ್ಮನನ್ನು ಕೇಳುತ್ತಿದ್ದರು.

‘ಏನೂ ಮಾಡಿಲ್ಲ, ಉಣ್ಣಿ’ ಎನ್ನುತ್ತಿದ್ದಳು ಅಮ್ಮ.

ಮಗಳ ಮೇಲೆ ಅವಳ ಸಿಟ್ಟು ಒಲೆಯ ಕೆಂಡದಂತೆ ಒಳಗೊಳಗೇ ಉರಿಯಿತು. ‘ಹೇಳದೆ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’ ಎಂದು ಒಂದೇ ಸಲ ಕೇಳಿದಳು. ಆಮೇಲೆ ಅವಳೊಂದಿಗೆ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಳು. ‘ಊಟ ಆಗಿದೆ, ಬಡಿಸಿಕೊಳ್ಳಲಿ’ ಎಂದು ಗೋಡೆಗೆ ಹೇಳುತ್ತಿದ್ದಳು.

ಡ್ರೈವರನ ಹೆಂಡತಿ ಆಸ್ಪತ್ರೆಗೆ ಬಂದದ್ದು ಆ ದಿನಗಳಲ್ಲೇ. ಬಟ್ಟೆ ಹೊಲಿಯುವವಳು, ಸೀರೆಯ ಮೇಲೆ ದಾರದ ತುಣುಕುಗಳು ಅಂಟಿಕೊಂಡಿದ್ದವು. ಗಂಡನ ರಿಪೋರ್ಟು ಯಾಕೆ ತಡವಾಯಿತು ಎಂದು ಕೇಳಲು ಅವಳು ಅದಕ್ಕೆ ಮೊದಲೂ ಹಲವು ಸಲ ಬಂದು ಹೋಗಿದ್ದಳಂತೆ. ಪ್ರತಿ ಸಲವೂ ನೆಟ್‌ವರ್ಕ್ ದೋಷ ಎಂದು ಹೇಳಿ ಕಳಿಸಿದ್ದರು. ಅಂದು ಮುಖ್ಯಸ್ಥರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದವಳು, ಕೊರಳಲ್ಲಿ ಕಾರ್ಡು ತೂಗಿಸಿಕೊಂಡು ಹೋಗುತ್ತಿದ್ದ ಚಿಲಕಳನ್ನು ನಿಲ್ಲಿಸಿದಳು.

‘ಮೇಡಂ, ನೀವು ಕಂಪ್ಯೂಟರಿನವರಾ? ನೆಟ್‌ವರ್ಕ್ ದೋಷ ಅಂದ್ರೆ ಏನು? ವೈರ್ ಕಿತ್ತು ಹೋಗಿತ್ತಾ? ಯಾರೂ ಬಿಡಿಸಿ ಹೇಳಲ್ಲ. ನಂಗೆ ಓದು ಕಡಿಮೆ, ಆದ್ರೆ ಹೇಳಿದ್ರೆ ತಿಳಿಯುತ್ತೆ.’

ಚಿಲಕ ಅವಳ ಪಕ್ಕ ಕೂತಳು. ಕೂತ ಮೇಲೆ ಹೇಳದೆ ಏಳುವಂತಿರಲಿಲ್ಲ. ವೈರು ಕಿತ್ತಿರಲಿಲ್ಲ ಎಂದಳು. ತನ್ನ ಅಪ್ಪನಿಗೆ ಮರೆವಿನ ಕಾಯಿಲೆಯೆಂದೂ, ಅದು ತನ್ನ ಅರಿವಿಗೆ ಮೊದಲೇ ಬಂದಿತ್ತೆಂದೂ, ಆದರೂ ಅವರ ದಾರಿ ಮುಚ್ಚಲಿಲ್ಲವೆಂದೂ, ಆ ಬೆಳಿಗ್ಗೆ ಅವರನ್ನು ತಕ್ಷಣ ಹೊರಗೆ ಹಾಕುವುದು ಬಿಟ್ಟು ಮನೆಗೆ ಫೋನ್ ಮಾಡುತ್ತ ಕೂತೆನೆಂದೂ ಹೇಳಿದಳು. ಹೆಂಗಸು ತನ್ನ ಸೀರೆಯ ದಾರಗಳನ್ನು ಒಂದೊಂದಾಗಿ ಬಿಡಿಸಿ ಅಂಗೈಯಲ್ಲಿ ಉಂಡೆ ಮಾಡುತ್ತ ಕೇಳಿದಳು.

‘ಅವರಿಗೆ ಗೊತ್ತಾ, ನಿಮ್ಮಪ್ಪಂಗೆ?’

‘ಒಂದು ಸಂಜೆ ಗೊತ್ತಿತ್ತು.’

‘ನಿಮ್ಮದೇ ತಪ್ಪು ಅಂತ ನಾನು ಬೈಯ್ಲಿ ಅಂತ ಹೇಳಿದ್ರಾ, ಅಥವಾ ಪರವಾಗಿಲ್ಲ ಅನ್ಲಿ ಅಂತಾನಾ?’

ಚಿಲಕ ಕೊರಳ ಕಾರ್ಡನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

‘ಎರಡೂ ನನ್ನ ಕೈಲಾಗಲ್ಲ’ ಎಂದಳು ಹೆಂಗಸು ಎದ್ದು. ‘ಇಷ್ಟು ದಿನ ವೈರನ್ನ ಶಪಿಸ್ತಿದ್ದೆ. ಅದೇ ಹಗುರವಾಗಿತ್ತು.’

ಡ್ರೈವರನ ಹೆಂಡತಿ ದೂರು ಕೊಟ್ಟಳು. ಮುಖ್ಯಸ್ಥರು ಚಿಲಕಳನ್ನು ಕರೆದು ಕೂಗಾಡಲಿಲ್ಲ. ‘ಅಗುಳಿ ಸಾರ್ ಮರ್ಯಾದೆ ಉಳಿಸೋಣ ಅಂತ ನಾನು ನೋಡಿದ್ರೆ, ಅವರ ಮಗಳೇ ಕಳೆದ್ಲಲ್ಲ’ ಎಂದು ಕಾರ್ಡನ್ನು ವಾಪಸು ತೆಗೆದುಕೊಂಡರು. ನೆಲಮಾಳಿಗೆಯಿಂದ ಅವಳು ಒಂದು ಚಹಾ ಲೋಟವನ್ನೂ ಚಳಿಗೆ ಹಾಕಿಕೊಳ್ಳುತ್ತಿದ್ದ ಸ್ವೆಟರನ್ನೂ ಹಿಡಿದು ಹೊರಬಂದಳು. ಲ್ಯಾಬಿನ ಹೆಂಗಸು ಮೆಟ್ಟಿಲ ಬಳಿ ಎದುರಾದರೂ ಗೋಡೆಯ ಮೇಲಿನ ನಕ್ಷೆ ನೋಡುವವಳಂತೆ ತಿರುಗಿಕೊಂಡಳು.

ದೂರಿನ ವಿಚಾರಣೆಗೆ ಅವಳಿಗೆ ಕರೆ ಬಂತು. ಅಂದು ಬೆಳಿಗ್ಗೆ ಅವಳು ಹೊರಡಲು ತಲೆ ಬಾಚುತ್ತಿದ್ದಾಗ ಅಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಎಷ್ಟೋ ದಿನದ ಮೇಲೆ ಗೋಡೆಗಲ್ಲದೆ ಅವಳಿಗೇ ನೇರ ಮಾತಾಡಿದಳು.

‘ನಿಮ್ಮಪ್ಪನ ಹೆಸರು ಹೇಳ್ತೀಯಾ?’

‘ಹೇಳ್ತೀನಮ್ಮ. ಹೇಳದೆ ಆಗಲ್ಲ.’

‘ನನ್ನದೂ ಹೇಳು.’

ಅವಳು ಬಾಚಣಿಗೆ ಇಳಿಸಿದಳು.

‘ನಂಗೆ ನಿಂಗಿಂತ ಮೊದಲೇ ಗೊತ್ತಾಗಿತ್ತು’ ಎಂದಳು ಅಮ್ಮ. ‘ಮಾರ್ಕೆಟ್ಟಿಗೆ ಹೋದವರು ಮನೆ ದಾರಿ ತಪ್ಪಿ ಯಾರದೋ ಜಗಲಿ ಮೇಲೆ ಕೂತಿದ್ರು. ನಾನೇ ಹುಡುಕ್ಕೊಂಡು ಹೋಗಿ ಕರ್ಕೊಂಡು ಬಂದೆ. ನಿಂಗೆ ಹೇಳಿದ್ರೆ ಕಂಪ್ಯೂಟರ್ ಕಿತ್ಕೋತೀಯ ಅಂತ ಹೇಳ್ಲಿಲ್ಲ. ಆವತ್ತು ನೀನು ಫೋನ್ ಮಾಡ್ದಾಗಲೂ ಅಷ್ಟೇ. ಅವರು ಇಟ್ಟ ಮೇಲೆ ರಿಸೀವರು ಎತ್ತಿ ಪಕ್ಕಕ್ಕಿಟ್ಟವಳು ನಾನೇ. ಮತ್ತೆ ಮತ್ತೆ ಬಾರಿಸಿ ಅವರನ್ನ ಕೆರಳಿಸ್ತೀಯ ಅಂತ.’

ನಡುಮನೆಯಲ್ಲಿ ಅಪ್ಪ ಕಿಟಕಿಯ ಕಂಬಿ ಹಿಡಿದು ನಿಂತಿದ್ದರು. ಬೀದಿಯಲ್ಲಿ ಹೋಗುವವರನ್ನು ನೋಡುತ್ತಿದ್ದರು, ಯಾರೂ ಇತ್ತ ನೋಡದಿರಲಿ ಎನ್ನುವಂತೆ ಅರ್ಧ ಮರೆಯಾಗಿ.

‘ನೀನೂ ಬರ್ತೀಯಾ?’ ಎಂದು ಅವಳು ಕೇಳಿದಳು.

‘ಇವರನ್ನ ಯಾರು ನೋಡ್ಕೋತಾರೆ?’ ಅಮ್ಮ ಮಗಳ ಕೈಯಿಂದ ಬಾಚಣಿಗೆ ತೆಗೆದುಕೊಂಡು ಅವಳನ್ನು ಮಂಚದ ಅಂಚಿಗೆ ಕೂರಿಸಿದಳು. ಸಿಕ್ಕು ಬಿಡಿಸುವಾಗ ಕೂದಲು ಜಗ್ಗಿ ನೋವಾಗುತ್ತಿತ್ತು. ಮಗಳು ತಡೆದುಕೊಂಡು ಕೂತಳು.

‘ಎಲ್ಲಾ ಹೇಳು’ ಎಂದಳು ಅಮ್ಮ, ಜಡೆ ಹೆಣೆಯುತ್ತ. ‘ಫೋನಿಂದೂ ಹೇಳು. ಬಿಡಬೇಡ.’